ಮದ್ದಿನ ಚೀಟಿಗಳನ್ನು ಒಟ್ಟಿಗೆ ಇಟ್ಟು ನೋಡುವ

(ತೋಡಾರಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರು, ಆಶಾ ಹಾಗೂ ಅಂಗನವಾಡಿ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಧರ್ಮಭಗಿನಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಕಳೆದ ಸಭೆಯಲ್ಲಿ ಹೋಗುವಾಗ ನಿಮಗೆ ಒಂದು ಕೆಲಸ ಹೇಳಿದ್ದೆ. ಮನೆಯಲ್ಲಿರುವ ಹಳೆಯ ಮದ್ದಿನ ಚೀಟಿಗಳನ್ನು ಹುಡುಕಿ ತನ್ನಿ ಅಂತ. ಇವತ್ತು ನೋಡಿದರೆ ಕೆಲವರು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ತಂದಿದ್ದೀರಿ, ಕೆಲವರು ರೇಶನ್ ಕಾರ್ಡಿನ ಒಳಗೆ ಮಡಚಿ ತಂದಿದ್ದೀರಿ. ಒಬ್ಬರು, "ಸಿಸ್ಟರ್, ಚೀಟಿ ಇಲ್ಲ, ಡಾಕ್ಟ್ರು ಮದ್ದನ್ನು ಕಾಗದದಲ್ಲಿ ಕಟ್ಟಿಯೇ ಕೊಡುತ್ತಾರೆ" ಅಂದರು. ಅದೂ ಒಂದು ಉತ್ತರವೇ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಚೀಟಿ ಯಾಕೆ ಅಂತ ನೀವು ಕೇಳಬಹುದು. ಅದಕ್ಕೆ ಉತ್ತರವಾಗಿ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು.

ಹಣ ಕೂಡಿಸಿದೆ, ಚೀಟಿ ಓದಲಿಲ್ಲ

ಬಹಳ ವರ್ಷಗಳ ಹಿಂದಿನ ಮಾತು. ಆಗ ನಾನು ಬೇರೊಂದು ಊರಿನಲ್ಲಿ ಕೆಲಸ ಮಾಡುತ್ತಿದ್ದೆ. ಬಡ ಕುಟುಂಬಗಳ ಮದ್ದಿನ ಖರ್ಚಿಗೆ ಸ್ವಲ್ಪ ಸಹಾಯಧನ ಕೊಡುವ ಯೋಜನೆ ನನ್ನ ಕೈಯಲ್ಲಿತ್ತು. ಹೆಂಗಸರು ಡಾಕ್ಟರರ ಚೀಟಿ ಮತ್ತು ಮೆಡಿಕಲಿನ ಬಿಲ್ಲು ತಂದು ಕೊಡುತ್ತಿದ್ದರು. ನಾನು ಬಿಲ್ಲಿನ ಮೊತ್ತ ಕೂಡಿಸಿ, ರಿಜಿಸ್ಟರಿನಲ್ಲಿ ಬರೆದು, ಸಹಿ ಹಾಕಿಸಿಕೊಂಡು, ಚೀಟಿಯನ್ನು ಫೈಲಿಗೆ ಹಾಕುತ್ತಿದ್ದೆ. ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚು ಕಡಿಮೆ ಇರಲಿಲ್ಲ. ಆಡಿಟರ್ ಮೆಚ್ಚಿಕೊಂಡಿದ್ದರು.

ಅವರಲ್ಲಿ ಬೀಡಿ ಕಟ್ಟುವ ಒಬ್ಬ ಅಕ್ಕ ಇದ್ದರು. ಗಂಟುನೋವು. ಪೇಟೆಯ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋಗುತ್ತಿದ್ದರು. "ಆ ಡಾಕ್ಟ್ರ ಕೈಗುಣ ಭಾರೀ ಒಳ್ಳೆಯದು ಸಿಸ್ಟರ್, ಎರಡು ದಿನದಲ್ಲಿ ನೋವು ಹಾರಿಹೋಗುತ್ತದೆ" ಅನ್ನುತ್ತಿದ್ದರು. ಮುಖ ತುಂಬಿಕೊಂಡು ಬಂತು. ಪುಷ್ಟಿಯಾದಳು ಅಂತ ಮನೆಯವರಿಗೆ ಸಂತೋಷ. ಒಂದು ಮಳೆಗಾಲದಲ್ಲಿ ಕೈಯಲ್ಲಿ ದುಡ್ಡಿಲ್ಲದೆ ಮದ್ದು ತರುವುದನ್ನು ಥಟ್ಟನೆ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ವಾಂತಿ, ಸುಸ್ತು, ರಕ್ತದೊತ್ತಡ ಇಳಿದು ಪ್ರಜ್ಞೆ ತಪ್ಪಿತು. ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಯ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಇವರು ಎಷ್ಟು ಸಮಯದಿಂದ ಸ್ಟೀರಾಯ್ಡ್ ತಿನ್ನುತ್ತಿದ್ದಾರೆ?" ಮನೆಯವರಿಗೆ ಆ ಹೆಸರೇ ಗೊತ್ತಿರಲಿಲ್ಲ. ದೇವರ ದಯೆ, ಅವರು ಬದುಕಿದರು. ಆದರೆ ಎಲುಬು ಟೊಳ್ಳಾಗಿತ್ತು, ಸಕ್ಕರೆ ಕಾಯಿಲೆ ಬಂದು ಕೂತಿತ್ತು.

ಆ ರಾತ್ರಿ ನಾನು ಆಫೀಸಿಗೆ ಬಂದು ಫೈಲು ತೆಗೆದೆ. ಅದೇ ಕ್ಲಿನಿಕ್ಕಿನ ಚೀಟಿಗಳನ್ನೆಲ್ಲ ಬೇರೆ ಮಾಡಿ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಗಂಟುನೋವಿನವರಿಗೆ ಅದೇ ಮಾತ್ರೆ. ಉಬ್ಬಸದವರಿಗೆ ಅದೇ. ಮೈ ತುರಿಕೆಯವರಿಗೂ ಅದೇ. ತಿಂಗಳ ಮೇಲೆ ತಿಂಗಳು, ಕಡಿಮೆ ಮಾಡುತ್ತಾ ಬರುವ ಸೂಚನೆ ಎಲ್ಲಿಯೂ ಇಲ್ಲ. ಬೇರೆ ಡಾಕ್ಟರುಗಳ ಚೀಟಿಗಳಲ್ಲಿ ಆ ಮಾತ್ರೆ ಎಲ್ಲೋ ಅಪರೂಪಕ್ಕೆ, ಅದೂ ಐದು ದಿನಕ್ಕೆ, ಏಳು ದಿನಕ್ಕೆ.

ಅಕ್ಕ ತಂಗಿಯರೇ, ಆ ಚೀಟಿಗಳು ಎರಡು ವರ್ಷ ನನ್ನ ಕಪಾಟಿನಲ್ಲೇ ಇದ್ದವು. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮಾಡಿದವಳು ನಾನು. ಅಂಕಿಅಂಶ ಶಾಸ್ತ್ರದ ಪೇಪರ್ ಬರೆದು ಪಾಸಾದವಳು. ಆದರೂ ರೂಪಾಯಿ ಕೂಡಿಸಿದೆನೇ ಹೊರತು ಮದ್ದಿನ ಹೆಸರು ಓದಲಿಲ್ಲ. ಒಂದೊಂದೇ ಚೀಟಿ ನೋಡುವಾಗ ಏನೂ ಕಾಣುವುದಿಲ್ಲ. ಒಟ್ಟಿಗೆ ಇಟ್ಟಾಗ ಕಾಣುತ್ತದೆ. ಇವತ್ತಿನ ನನ್ನ ಭಾಷಣ ಇಷ್ಟೇ. ಉಳಿದದ್ದೆಲ್ಲ ಅದರ ವಿವರಣೆ.

ಕಲಬುರಗಿಯ ತಾಂಡಾಗಳಲ್ಲಿ

ನಮ್ಮ ರಾಜ್ಯದಲ್ಲೇ ನಡೆದ ಒಂದು ದೊಡ್ಡ ಘಟನೆ ಹೇಳುತ್ತೇನೆ. ಅದು ಮಾತ್ರೆಯದ್ದಲ್ಲ, ಆಪರೇಷನ್ನಿನದ್ದು. ಆದರೆ ಡಾಕ್ಟರು ಚೀಟಿಯಲ್ಲಿ ಬರೆದು ಕೊಡುವುದು ಮಾತ್ರೆಯನ್ನು ಮಾತ್ರವಲ್ಲ, ಸ್ಕ್ಯಾನಿಂಗನ್ನೂ ಬರೆಯುತ್ತಾರೆ, ಆಪರೇಷನ್ನನ್ನೂ ಬರೆಯುತ್ತಾರೆ. ಲೆಕ್ಕ ಹಾಕುವ ರೀತಿ ಒಂದೇ.

ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ, ದಲಿತ ಕೇರಿಗಳಲ್ಲಿ ಬಡ ಹೆಂಗಸರು ಹೊಟ್ಟೆನೋವು, ಬಿಳಿಸೆರಗು, ಮುಟ್ಟಿನ ತೊಂದರೆ ಅಂತ ಪಟ್ಟಣದ ಕೆಲವು ಖಾಸಗಿ ಆಸ್ಪತ್ರೆಗಳಿಗೆ ಹೋಗುತ್ತಿದ್ದರು. ಒಂದು ಸ್ಕ್ಯಾನಿಂಗ್ ಆಗುತ್ತಿತ್ತು. "ಗರ್ಭಕೋಶ ಹಾಳಾಗಿದೆ, ತೆಗೆಯದಿದ್ದರೆ ಕ್ಯಾನ್ಸರ್ ಆಗುತ್ತದೆ" ಎಂಬ ಮಾತು ಬರುತ್ತಿತ್ತು. ಹೆದರಿ, ಸಾಲ ಮಾಡಿ, ಒಡವೆ ಅಡವಿಟ್ಟು ಆಪರೇಷನ್ ಮಾಡಿಸಿಕೊಳ್ಳುತ್ತಿದ್ದರು. ಇನ್ನೂ ನಲವತ್ತು ದಾಟದವರು, ಮೂವತ್ತೂ ಆಗದವರು.

ಪ್ರತಿಯೊಬ್ಬಳೂ ತನ್ನದು ತನ್ನ ಒಬ್ಬಳ ಕಷ್ಟ ಅಂದುಕೊಂಡಿದ್ದಳು. ನಾಚಿಕೆಯ ವಿಷಯ ನೋಡಿ, ಪಕ್ಕದ ಮನೆಯವಳಿಗೂ ಹೇಳುವುದಿಲ್ಲ. ಕರ್ನಾಟಕ ಜನಾರೋಗ್ಯ ಚಳವಳಿಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಕೇಳಿದರು. ವಯಸ್ಸು ಎಷ್ಟು? ಯಾವ ಆಸ್ಪತ್ರೆ? ಏನು ತೊಂದರೆ ಇತ್ತು? ಡಾಕ್ಟರು ಏನು ಹೇಳಿದರು? ಉತ್ತರಗಳನ್ನು ಸಾಲಾಗಿ ಬರೆದಾಗ ಒಂದೇ ಮಾತು, ಒಂದೇ ಭಯ, ಮತ್ತೆ ಮತ್ತೆ ಅದೇ ಕೆಲವು ಆಸ್ಪತ್ರೆಗಳು ಎದ್ದು ಕಂಡವು. 2015ರಲ್ಲಿ ಆರೋಗ್ಯ ಇಲಾಖೆ ತನಿಖೆ ಮಾಡಿಸಿತು. ಅನಗತ್ಯವಾಗಿ ಗರ್ಭಕೋಶ ತೆಗೆದದ್ದು ತನಿಖೆಯಲ್ಲಿ ಕಂಡುಬಂತು. ಆದರೂ ಸರಿಯಾದ ಕ್ರಮ ಆಗಲಿಲ್ಲ ಎಂದು 2017ರಲ್ಲಿ ನೂರಾರು ಹೆಂಗಸರು ಕಲಬುರಗಿಯಲ್ಲಿ ಬೀದಿಗೆ ಇಳಿದರು. ಹೀಗೆ ಗರ್ಭಕೋಶ ಕಳೆದುಕೊಂಡವರು ಎರಡು ಸಾವಿರಕ್ಕೂ ಹೆಚ್ಚು ಎಂದು ಆಗ ಸಂಘಟನೆಗಳು ಹೇಳಿದ್ದವು. ಈ ಚಳವಳಿಯ ಗೆಳೆಯರು ತಮ್ಮ ಅನುಭವವನ್ನು ವೈದ್ಯಕೀಯ ನೀತಿಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಭಯ ಹುಟ್ಟಿಸುವುದೇ ಅಲ್ಲಿ ವ್ಯಾಪಾರವಾಯಿತು ಎಂಬುದು ಆ ಲೇಖನದ ಸಾರ.

ಇದು ಕಲಬುರಗಿಯಲ್ಲಿ ಮಾತ್ರವಲ್ಲ. ರಾಜಸ್ಥಾನ, ಬಿಹಾರ, ಛತ್ತೀಸಗಢಗಳಿಂದಲೂ ಇಂಥದ್ದೇ ವರದಿ ಬಂದಿತ್ತು. ಡಾ. ನರೇಂದ್ರ ಗುಪ್ತಾ ಎಂಬವರು 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹತ್ತು ವರ್ಷ ಕಳೆದು, 2023ರ ಏಪ್ರಿಲ್ ತಿಂಗಳಲ್ಲಿ ತೀರ್ಪು ಬಂತು. ಅನಗತ್ಯ ಗರ್ಭಕೋಶ ಆಪರೇಷನ್ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳ ಒಳಗೆ ಜಾರಿಗೆ ತರಬೇಕು ಎಂದು ಕೋರ್ಟು ಹೇಳಿತು. ಅದರ ತಿರುಳು ಏನು ಗೊತ್ತುಂಟಾ? ಲೆಕ್ಕ ಇಡುವುದು. ರಾಷ್ಟ್ರ, ರಾಜ್ಯ, ಜಿಲ್ಲೆ ಈ ಮೂರೂ ಮಟ್ಟದಲ್ಲಿ ಸಮಿತಿ ಇದ್ದು, ಎಷ್ಟು ಆಪರೇಷನ್, ಯಾವ ವಯಸ್ಸಿನವರಿಗೆ, ಯಾವ ಕಾರಣಕ್ಕೆ ಎಂದು ನೋಡಬೇಕು. ತಾಂಡಾದ ಹೆಂಗಸರು ಸಂಘಟನೆಯವರ ಜೊತೆ ಕೂತು ಮಾಡಿದ್ದನ್ನೇ ಜಿಲ್ಲೆಯ ಅಧಿಕಾರಿಗಳೂ ಮಾಡಿ ಎಂದು ಕೋರ್ಟು ಹೇಳಿದ ಹಾಗಾಯಿತು.

ಹೆಚ್ಚು ಅಂತ ಹೇಳಲು ಒಂದು ಅಳತೆಗೋಲು ಬೇಕು. ದೇಶದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 2015-16ರ ಸುತ್ತಿನಲ್ಲಿ ಮೊದಲ ಬಾರಿಗೆ ಈ ಪ್ರಶ್ನೆ ಕೇಳಿದರು. 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು ಮೂವರಿಗೆ ಗರ್ಭಕೋಶ ತೆಗೆದಿತ್ತು. ಹಾಗಾದರೆ ಒಂದು ಸಣ್ಣ ಊರಿನಲ್ಲಿ ಮನೆ ಬಿಟ್ಟು ಮನೆಯಲ್ಲಿ ಅಂಥವರು ಸಿಕ್ಕಿದರೆ, ಅಲ್ಲಿ ಕೇಳಬೇಕಾದ ಪ್ರಶ್ನೆ ಉಂಟು ಅಂತ ಅರ್ಥ.

ಟ್ಯಾಕ್ಸಿ ಡ್ರೈವರನ ಪಟ್ಟಿ

ಇನ್ನೊಂದು ಘಟನೆ ಇಂಗ್ಲೆಂಡಿನದ್ದು. ಮ್ಯಾಂಚೆಸ್ಟರ್ ಹತ್ತಿರ ಹೈಡ್ ಎಂಬ ಪೇಟೆ. ಅಲ್ಲಿ ಹೆರಾಲ್ಡ್ ಶಿಪ್ಮನ್ ಎಂಬ ಡಾಕ್ಟರ್ ಇದ್ದ. ಜನರಿಗೆ ತುಂಬ ಇಷ್ಟದ ಡಾಕ್ಟರ್. ಕರೆದರೆ ಮನೆಗೇ ಬರುತ್ತಾನೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಳ್ಳೆಯ ಕೈಗುಣದವನು. ಆದರೆ ಅವನು ವಯಸ್ಸಾದ ರೋಗಿಗಳಿಗೆ ಡಯಾಮಾರ್ಫಿನ್ ಎಂಬ ಬಲವಾದ ನೋವಿನ ಮದ್ದನ್ನು ಅತಿಯಾಗಿ ಚುಚ್ಚಿ ಕೊಲ್ಲುತ್ತಿದ್ದ. 2000ದ ಜನವರಿಯಲ್ಲಿ 15 ಕೊಲೆಗಳಿಗೆ ಅವನಿಗೆ ಶಿಕ್ಷೆಯಾಯಿತು. ಆಮೇಲೆ ನ್ಯಾಯಾಧೀಶೆ ಜಾನೆಟ್ ಸ್ಮಿತ್ ನಡೆಸಿದ ವಿಚಾರಣೆಯಲ್ಲಿ, ಅವನು ಕೊಂದವರು ಕನಿಷ್ಠ 215 ಜನ ಎಂದು ಗೊತ್ತಾಯಿತು.

ಇಷ್ಟು ಮದ್ದು ಅವನಿಗೆ ಎಲ್ಲಿಂದ ಸಿಕ್ಕಿತು? ಚೀಟಿ ಬರೆದೇ ಸಿಕ್ಕಿತು. ರೋಗಿಗಳ ಹೆಸರಿನಲ್ಲಿ ಬರೆದು, ತಾನೇ ಅಂಗಡಿಯಿಂದ ತರುತ್ತಿದ್ದ. ಸತ್ತುಹೋದವರ ಹೆಸರಿನಲ್ಲೂ ಬರೆದಿದ್ದ. 1993ರಲ್ಲಿ 30 ಮಿಲಿಗ್ರಾಂನ ಒಂದೊಂದೇ ಆಂಪೂಲ್ ಬರೆಯುತ್ತಿದ್ದ. ನೋವಿನಿಂದ ನರಳುವ ಕ್ಯಾನ್ಸರ್ ರೋಗಿಗೆ ಅಂಥ ಮದ್ದು ದಿನದಿನವೂ ಬೇಕು, ಒಂದೇ ಒಂದು ಆಂಪೂಲ್ ಸಾಕಾಗುವುದಿಲ್ಲ. ಆ ಚೀಟಿಗಳೆಲ್ಲ ಪಕ್ಕದ ಮದ್ದಿನ ಅಂಗಡಿಗೇ ಹೋಗುತ್ತಿದ್ದವು. ಅಂಗಡಿಯವರಿಗೆ ಅವನ ಮೇಲೆ ನಂಬಿಕೆ. ಸಂಶಯ ಬರಲಿಲ್ಲ.

ಸಂಶಯ ಬಂದದ್ದು ಯಾರಿಗೆ? ಒಬ್ಬ ಟ್ಯಾಕ್ಸಿ ಡ್ರೈವರನಿಗೆ. ತನ್ನ ಗಾಡಿಯಲ್ಲಿ ಹೋಗುತ್ತಿದ್ದ ವಯಸ್ಸಾದ ಗಿರಾಕಿಗಳು ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆ, ಎಲ್ಲರಿಗೂ ಅದೇ ಡಾಕ್ಟರ್ ಎಂದು ಅವನು ಹೆಸರುಗಳನ್ನು ಬರೆದಿಟ್ಟಿದ್ದ. ಹೆಣ ಸಾಗಿಸುವ ಮನೆತನದ ಒಬ್ಬ ಹೆಂಗಸಿಗೂ ಸಂಶಯ ಬಂತು. ಹತ್ತಿರದ ಇನ್ನೊಂದು ಕ್ಲಿನಿಕ್ಕಿನ ಡಾ. ಲಿಂಡಾ ರೆನಾಲ್ಡ್ಸ್ 1998ರ ಮಾರ್ಚಿನಲ್ಲಿ ಅಧಿಕಾರಿಗೆ ದೂರು ಕೊಟ್ಟರು. ನಮ್ಮಲ್ಲಿಗಿಂತ ಅಲ್ಲಿ ಸಾವು ತುಂಬ ಹೆಚ್ಚು ಎಂದರು. ಪೊಲೀಸರು ಮೇಲಿಂದ ಮೇಲೆ ನೋಡಿ ಏನೂ ಇಲ್ಲ ಎಂದು ಕೈಬಿಟ್ಟರು. ಆ ನಂತರ ಇನ್ನೂ ಮೂವರು ಸತ್ತರು.

ಆಮೇಲೆ ಅಂಕಿಅಂಶ ಬಲ್ಲವರು ಹಳೆಯ ದಾಖಲೆಗಳನ್ನು ತೆಗೆದು ನೋಡಿದರು. ಬೇರೆ ಡಾಕ್ಟರುಗಳ ರೋಗಿಗಳು ಹಗಲು ರಾತ್ರಿ ಎನ್ನದೆ ಎಲ್ಲ ಹೊತ್ತಿನಲ್ಲೂ ಸತ್ತಿದ್ದರು. ಈತನ ರೋಗಿಗಳ ಸಾವು ಮಧ್ಯಾಹ್ನದ ನಂತರ, ಅವನು ಮನೆ ಭೇಟಿಗೆ ಹೋಗುವ ಹೊತ್ತಿನಲ್ಲೇ ರಾಶಿ ಬಿದ್ದಿತ್ತು. ಯಾರಾದರೂ ಆಗಾಗ ಲೆಕ್ಕ ನೋಡುತ್ತಿದ್ದರೆ 1980ರ ದಶಕದಲ್ಲೇ ಗಂಟೆ ಹೊಡೆಯುತ್ತಿತ್ತು ಎಂದು ಅವರು ತೋರಿಸಿದರು. ದಾಖಲೆ ಇತ್ತು, ನೋಡುವವರು ಇರಲಿಲ್ಲ. ನನ್ನ ಕಪಾಟಿನ ಹಾಗೆ.

ಆದರೆ ನಿಲ್ಲಿ, ಇದೇ ಲೆಕ್ಕದಲ್ಲಿ ಇನ್ನೊಂದು ಮಾತೂ ಉಂಟು. ಹಾಗೆ ನೋಡುವಾಗ ಶಿಪ್ಮನ್‌ಗಿಂತಲೂ ಹೆಚ್ಚು ಸಾವು ಇದ್ದ ಇನ್ನೊಬ್ಬ ಡಾಕ್ಟರ್ ಸಿಕ್ಕಿದರು. ಅವರೂ ಕೊಲೆಗಾರರಾ? ಅಲ್ಲ. ಅವರು ಇದ್ದದ್ದು ಸಮುದ್ರ ತೀರದ ಒಂದು ಊರಿನಲ್ಲಿ, ಸುತ್ತಮುತ್ತ ವೃದ್ಧಾಶ್ರಮಗಳು. ಕೊನೆಗಾಲದಲ್ಲಿ ರೋಗಿಯನ್ನು ಆಸ್ಪತ್ರೆಗೆ ಅಲೆದಾಡಿಸದೆ, ತಾವಿದ್ದಲ್ಲೇ ಸಮಾಧಾನದಿಂದ ಕಣ್ಣುಮುಚ್ಚಲು ಅವರು ನೆರವಾಗುತ್ತಿದ್ದರು. ಲೆಕ್ಕದಲ್ಲಿ ಇಬ್ಬರೂ ಮೇಲಿನ ಸಾಲಿನಲ್ಲೇ. ಒಬ್ಬ ಕೊಲೆಗಾರ, ಒಬ್ಬರು ಸಜ್ಜನ. ಹಾಗಾಗಿ ಅಂಕಿ ಪ್ರಶ್ನೆ ಎತ್ತುತ್ತದೆ, ತೀರ್ಪು ಕೊಡುವುದಿಲ್ಲ. ಇದನ್ನು ದಯಮಾಡಿ ಮರೆಯಬೇಡಿ.

ಚೀಟಿಯಲ್ಲಿ ಏನು ನೋಡಬೇಕು?

ಈಗ ನಮ್ಮ ಚೀಟಿಗಳಿಗೆ ಬರುವ. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಒಂದು ಸರಳ ಪದ್ಧತಿಯನ್ನು ಪ್ರಕಟಿಸಿತು. ಡಾಕ್ಟರು ಬರೆದ ಚೀಟಿಗಳಲ್ಲಿ ಐದು ಸಂಗತಿ ನೋಡಿದರೆ ಸಾಕು:

1. ಒಂದು ಚೀಟಿಯಲ್ಲಿ ಸರಾಸರಿ ಎಷ್ಟು ಮದ್ದು?
2. ನೂರು ಮದ್ದುಗಳಲ್ಲಿ ಎಷ್ಟನ್ನು ಕಂಪೆನಿಯ ಹೆಸರಿನಲ್ಲಲ್ಲ, ಮದ್ದಿನ ನಿಜ ಹೆಸರಿನಲ್ಲಿ, ಅಂದರೆ ಜೆನೆರಿಕ್ ಹೆಸರಿನಲ್ಲಿ ಬರೆದಿದ್ದಾರೆ?
3. ನೂರು ಚೀಟಿಗಳಲ್ಲಿ ಎಷ್ಟರಲ್ಲಿ ಆ್ಯಂಟಿಬಯೋಟಿಕ್ ಉಂಟು?
4. ನೂರು ಚೀಟಿಗಳಲ್ಲಿ ಎಷ್ಟರಲ್ಲಿ ಇಂಜೆಕ್ಷನ್ ಉಂಟು?
5. ಬರೆದ ಮದ್ದುಗಳಲ್ಲಿ ಎಷ್ಟು ಸರಕಾರದ ಅಗತ್ಯ ಮದ್ದುಗಳ ಪಟ್ಟಿಯಲ್ಲಿವೆ?

ಸಾಮಾನ್ಯ ಚಿಕಿತ್ಸೆಯ ಜಾಗದಲ್ಲಿ ಒಂದು ಚೀಟಿಗೆ ಸರಾಸರಿ ಎರಡಕ್ಕಿಂತ ಕಡಿಮೆ ಮದ್ದು ಇದ್ದರೆ ಒಳ್ಳೆಯದು, ಆ್ಯಂಟಿಬಯೋಟಿಕ್ ಮತ್ತು ಇಂಜೆಕ್ಷನ್ ನೂರಕ್ಕೆ ಹೆಚ್ಚೆಂದರೆ ಕಾಲು ಭಾಗದಷ್ಟು ಎಂದು ಇದರ ಆಧಾರದಲ್ಲಿ ತಜ್ಞರು ಹೇಳುತ್ತಾರೆ. ಹಲವು ಆಸ್ಪತ್ರೆಗಳನ್ನು ಹೋಲಿಸುವುದಾದರೆ ಒಂದೊಂದರಿಂದ ಕನಿಷ್ಠ 30 ಚೀಟಿ, ಒಂದೇ ಜಾಗವನ್ನು ನೋಡುವುದಾದರೆ 100 ಚೀಟಿ ಬೇಕು ಎಂದೂ ಆ ಪುಸ್ತಕದಲ್ಲಿ ಉಂಟು. ಮೂರು ಚೀಟಿ ನೋಡಿ ಯಾರ ಬಗ್ಗೆಯೂ ಮಾತಾಡಬಾರದು.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಇದು ಕಲ್ಪನೆಯದ್ದು, ನಮ್ಮ ಊರಿನ ಯಾರದ್ದೂ ಅಲ್ಲ. ಒಂದು ಕ್ಲಿನಿಕ್ಕಿನ 30 ಚೀಟಿಗಳಲ್ಲಿ 24ರಲ್ಲಿ ಇಂಜೆಕ್ಷನ್ ಉಂಟು. ಇನ್ನೊಂದರ 60 ಚೀಟಿಗಳಲ್ಲೂ 24ರಲ್ಲಿ ಉಂಟು. ಎರಡೂ ಕಡೆ ಇಪ್ಪತ್ತನಾಲ್ಕೇ ಅಲ್ವಾ ಅಂತ ಹೇಳಬೇಡಿ. ಮೊದಲನೆಯದು ನೂರಕ್ಕೆ 80, ಎರಡನೆಯದು ನೂರಕ್ಕೆ 40. ಎಷ್ಟರಲ್ಲಿ ಎಷ್ಟು ಎಂದು ಭಾಗಿಸಬೇಕು. ಸಂಘದಲ್ಲಿ ಬಡ್ಡಿ ಲೆಕ್ಕ ಹಾಕುವ ನಿಮಗೆ ಇದು ಕಷ್ಟವೇ ಅಲ್ಲ.

ಇದರ ಜೊತೆ ನಾನು ಇನ್ನೆರಡನ್ನು ಸೇರಿಸುತ್ತೇನೆ. ಬೇರೆ ಬೇರೆ ಕಾಯಿಲೆಗೆ ಒಂದೇ ಮಾತ್ರೆ ಬರುತ್ತಿದೆಯಾ? ತಿಂಗಳುಗಟ್ಟಲೆ ಪರೀಕ್ಷೆಯಿಲ್ಲದೆ ಅದೇ ಮಾತ್ರೆ ಮುಂದುವರಿಯುತ್ತಿದೆಯಾ? ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಈ ಮೂರು ಹೆಸರುಗಳನ್ನು ಬರೆದುಕೊಳ್ಳಿ. ಇವು ಸ್ಟೀರಾಯ್ಡ್. ಇವು ಕೆಟ್ಟ ಮದ್ದುಗಳಲ್ಲ, ಸರಿಯಾದ ಜಾಗದಲ್ಲಿ ಜೀವ ಉಳಿಸುತ್ತವೆ. ಆದರೆ ಕಾರಣ ತಿಳಿಯದೆ ತಿಂಗಳುಗಟ್ಟಲೆ ತಿನ್ನುವ ಮದ್ದಲ್ಲ.

ನಿಮ್ಮಲ್ಲಿ ಯಾರಾದರೂ ತಿನ್ನುತ್ತಿದ್ದರೆ ನಾಳೆ ಬೆಳಿಗ್ಗೆ ಹೆದರಿ ನಿಲ್ಲಿಸಬೇಡಿ. ನಾನು ಹೇಳಿದ ಅಕ್ಕನಿಗೆ ಅಪಾಯ ಬಂದದ್ದು ಥಟ್ಟನೆ ನಿಲ್ಲಿಸಿದಾಗ. ಹೊರಗಿನಿಂದ ಬಹಳ ಕಾಲ ಬಂದರೆ ನಮ್ಮ ದೇಹ ತಾನು ತಯಾರಿಸುವುದನ್ನು ಮರೆತುಬಿಡುತ್ತದೆ. ಡಾಕ್ಟರರ ಎದುರಿನಲ್ಲೇ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

ತಪ್ಪು ನಮ್ಮದೂ ಉಂಟು

ಆಸ್ಪತ್ರೆಯ ಘಟನೆಯ ನಂತರ ನಾನು ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಆ ಕ್ಲಿನಿಕ್ಕಿನ ಡಾಕ್ಟರರನ್ನು ಕಂಡೆ. ಹೆಸರು ಮುಚ್ಚಿ ಚೀಟಿಗಳನ್ನು ಎದುರಿಗೆ ಇಟ್ಟೆ. ಮೊದಲು ಸಿಟ್ಟಾದರು. "ನನಗೆ ಪಾಠ ಹೇಳಲು ಬಂದಿರಾ?" ಎಂದರು. ನಾವು ಸುಮ್ಮನೆ ಕೂತೆವು. ಸ್ವಲ್ಪ ಹೊತ್ತಾದ ಮೇಲೆ, "ಸಿಸ್ಟರ್, ನೋವು ಇವತ್ತೇ ಹೋಗಬೇಕು ಅನ್ನುತ್ತಾರೆ. ನಾಳೆ ಮತ್ತೆ ಬೀಡಿ ಕಟ್ಟಬೇಕು. ನಾನು ಕೊಡದಿದ್ದರೆ ಮುಂದಿನ ಕ್ಲಿನಿಕ್ಕಿಗೆ ಹೋಗುತ್ತಾರೆ" ಎಂದರು. ಅದು ನೆಪವೂ ಹೌದು, ನಿಜವೂ ಹೌದು. ಆ ಮಾತನ್ನು ಒಪ್ಪಿಕೊಂಡು ಎದ್ದು ಬರಲು ನನ್ನಿಂದ ಆಗಲಿಲ್ಲ. ತಾಲೂಕು ಆರೋಗ್ಯಾಧಿಕಾರಿಗೆ ಬರಹದಲ್ಲಿ ಕೊಟ್ಟೆ. ಆದರೆ ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಯಾಕೆಂದರೆ "ಸೂಜಿ ಹಾಕದ ಡಾಕ್ಟ್ರು ಎಂಥ ಡಾಕ್ಟ್ರು ಮಾರಾಯ್ತಿ?" ಅನ್ನುವವರು ನಾವೇ. ಸುಸ್ತು ಅಂತ ಗ್ಲೂಕೋಸ್ ಹಾಕಿಸಿಕೊಂಡು ಬರುವವರೂ ನಾವೇ. ಅರ್ಧ ಲೀಟರಿನ ಆ ಬಾಟಲಿಯಲ್ಲಿ ಇರುವುದು ಸುಮಾರು 25 ಗ್ರಾಂ ಸಕ್ಕರೆ, ಐದಾರು ಚಮಚ. ಬಾಯಲ್ಲಿ ಕುಡಿಯಲು ಆಗುವವರಿಗೆ ಒಂದು ಲೋಟ ಗಂಜಿತೆಳಿ, ಸ್ವಲ್ಪ ಉಪ್ಪು ಹಾಕಿ ಕುಡಿದರೆ ಅದಕ್ಕಿಂತ ಕಡಿಮೆಯೇನಲ್ಲ. ನೆಗಡಿ, ಸಾಮಾನ್ಯ ಶೀತಕ್ಕೆ ಆ್ಯಂಟಿಬಯೋಟಿಕ್ ಕೆಲಸವೇ ಮಾಡುವುದಿಲ್ಲ. ಸುಮ್ಮನೆ ತಿಂದರೆ ನಿಜವಾಗಿ ಬೇಕಾದ ದಿನ ಅದು ನಾಟುವುದಿಲ್ಲ. ಧಾರವಾಡದ ಡಾ. ಗೋಪಾಲ ದಾಬಡೆಯವರೂ ಅವರ ಡ್ರಗ್ ಆ್ಯಕ್ಷನ್ ಫೋರಂ ಕರ್ನಾಟಕದ ಗೆಳೆಯರೂ ಎಷ್ಟೋ ವರ್ಷಗಳಿಂದ ನಮ್ಮ ಜನರಿಗೆ ಹೇಳುತ್ತಾ ಬಂದದ್ದು ಇದನ್ನೇ.

ಅವಸರದ ತೀರ್ಮಾನ ಬೇಡ

ನಾನು ಒಮ್ಮೆ ಅವಸರ ಮಾಡಿ ನಾಚಿಕೆಪಟ್ಟದ್ದೂ ಉಂಟು. ಒಂದು ಸರಕಾರಿ ಆರೋಗ್ಯ ಕೇಂದ್ರದ ಚೀಟಿಗಳಲ್ಲಿ ಇಂಜೆಕ್ಷನ್ ಬಹಳ ಕಂಡಿತು. ಅಲ್ಲಿಯ ಡಾಕ್ಟರಮ್ಮನ ಬಗ್ಗೆ ಮನಸ್ಸಿನಲ್ಲಿ ಏನೇನೋ ಅಂದುಕೊಂಡೆ. ಹೋಗಿ ಕೇಳಿದರೆ, ಹೆಚ್ಚಿನವು ನಾಯಿ ಕಚ್ಚಿದವರಿಗೆ ಕೊಡುವ ರೇಬಿಸ್ ಲಸಿಕೆ. ಒಬ್ಬೊಬ್ಬರು ನಾಲ್ಕು ನಾಲ್ಕು ಸಲ ಬರಬೇಕು. ಹತ್ತಿರದ ಬೇರೆ ಕಡೆ ಆ ಲಸಿಕೆ ಇಲ್ಲದ್ದರಿಂದ ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ಅವರು ಒಳ್ಳೆಯ ಕೆಲಸ ಮಾಡಿದ್ದಕ್ಕೇ ಅವರ ಅಂಕಿ ಮೇಲೆ ಹೋಗಿತ್ತು.

ನಮ್ಮ ಜಿಲ್ಲೆಯ ಮಳೆಗಾಲವನ್ನೂ ನೆನಪಿಡಿ. ಗದ್ದೆ, ತೋಟದ ಕೆಸರಿನಲ್ಲಿ ಕೆಲಸ ಮಾಡುವವರಿಗೆ ಜ್ವರ ಬಂದರೆ ಇಲಿಜ್ವರ ಇರಬಹುದು. ಅದಕ್ಕೆ ಬೇಗ ಆ್ಯಂಟಿಬಯೋಟಿಕ್ ಕೊಡುವುದೇ ಸರಿ, ಕಾದರೆ ಮೂತ್ರಪಿಂಡಕ್ಕೆ ಅಪಾಯ. ಅದೇ ತಿಂಗಳಲ್ಲಿ ಡೆಂಗಿಯೂ ಇರುತ್ತದೆ. ಡೆಂಗಿಯ ಸಂಶಯ ಇದ್ದರೆ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮದ್ದು ರಕ್ತಸ್ರಾವಕ್ಕೆ ದಾರಿ ಮಾಡಬಹುದು, ಪ್ಯಾರಾಸಿಟಮಾಲ್ ಸಾಕು. ಹಾಗಾಗಿ ಜುಲೈ ತಿಂಗಳ ಚೀಟಿಯನ್ನು ಜುಲೈ ಚೀಟಿಯ ಜೊತೆಗೇ ಹೋಲಿಸಬೇಕು, ಫೆಬ್ರವರಿಯ ಜೊತೆ ಅಲ್ಲ. ಮಕ್ಕಳ ಡಾಕ್ಟರರನ್ನು ಮಕ್ಕಳ ಡಾಕ್ಟರರ ಜೊತೆ, ಎಲುಬಿನವರನ್ನು ಎಲುಬಿನವರ ಜೊತೆ. ಅಡಿಕೆಯನ್ನು ತೆಂಗಿನಕಾಯಿಯ ಜೊತೆ ತೂಗಿ ಅಡಿಕೆ ಸಣ್ಣದಾಯಿತು ಅಂದರೆ ಆದೀತೇ?

ಲೆಕ್ಕ ಇಡುವ ಕಾನೂನು ಇದೆ

ಇದೆಲ್ಲ ನಾವೇ ಮಾಡಬೇಕಾ, ಸರಕಾರ ಇಲ್ಲವಾ ಎಂದು ಕೇಳುತ್ತೀರಿ. ಕಾನೂನು ಉಂಟು. 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್1 ಎಂಬ ನಿಯಮ ಜಾರಿಯಲ್ಲಿದೆ. ಕೆಲವು ಪ್ರಬಲ ಆ್ಯಂಟಿಬಯೋಟಿಕ್, ಕ್ಷಯದ ಮದ್ದು, ನಿದ್ದೆ ಮಾತ್ರೆ ಮುಂತಾದವನ್ನು ಮಾರುವಾಗ ಬರೆದ ಡಾಕ್ಟರ್ ಯಾರು, ರೋಗಿ ಯಾರು, ಮದ್ದು ಯಾವುದು, ಎಷ್ಟು ಎಂದು ಮದ್ದಿನ ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಔಷಧ ನಿಯಂತ್ರಣ ಇಲಾಖೆಯವರು ಅದನ್ನು ನೋಡಬಹುದು. ಅಂದರೆ ದಾಖಲೆ ನಮ್ಮ ಪೇಟೆಯಲ್ಲೇ ಇರಬೇಕು. ಚೀಟಿ ಇಲ್ಲದೆ ಮದ್ದು ತರುವಾಗ ಆ ದಾಖಲೆಯನ್ನು ಹಾಳು ಮಾಡುವವರಲ್ಲಿ ನಾವೂ ಸೇರುತ್ತೇವೆ.

ಇಂಗ್ಲೆಂಡಿನಲ್ಲಿ 2011ರ ಕೊನೆಯಿಂದ ಪ್ರತಿಯೊಂದು ಸರಕಾರಿ ಕ್ಲಿನಿಕ್ ಏನೇನು ಮದ್ದು ಎಷ್ಟೆಷ್ಟು ಬರೆಯಿತು ಎಂಬುದನ್ನು ತಿಂಗಳು ತಿಂಗಳು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತಾರೆ. ರೋಗಿಯ ಹೆಸರು ಅದರಲ್ಲಿ ಇರುವುದಿಲ್ಲ. ಡಾಕ್ಟರುಗಳು ತಮ್ಮ ಲೆಕ್ಕವನ್ನು ಪಕ್ಕದವರ ಲೆಕ್ಕದ ಜೊತೆ ತಾವೇ ಹೋಲಿಸಿ ನೋಡಿ ತಿದ್ದಿಕೊಳ್ಳುತ್ತಾರೆ. ತಪ್ಪು ಹಿಡಿಯುವುದಕ್ಕಿಂತ ತಿದ್ದಿಕೊಳ್ಳುವುದೇ ಅದರ ದೊಡ್ಡ ಲಾಭ.

ನಾವು ಏನು ಮಾಡಬಹುದು?

ಈ ಊರಿನ ಸಂಘಗಳು ಇಷ್ಟು ಮಾಡಿದರೆ ಸಾಕು:

ಒಂದು, ಪ್ರತಿ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದು ಫೈಲು. ಚೀಟಿ, ಬಿಲ್ಲು, ರಕ್ತಪರೀಕ್ಷೆಯ ವರದಿ ಎಲ್ಲ ತಾರೀಕು ಪ್ರಕಾರ ಅದರಲ್ಲಿ ಇರಲಿ. ಬೇರೆ ಡಾಕ್ಟರರ ಹತ್ತಿರ ಹೋಗುವಾಗ ಆ ಫೈಲು ಜೊತೆಗೆ ಹೋಗಲಿ.

ಎರಡು, ಚೀಟಿ ಕೇಳಿ ತೆಗೆದುಕೊಳ್ಳಿ. ಕಾಗದದಲ್ಲಿ ಕಟ್ಟಿ ಕೊಟ್ಟ ಮಾತ್ರೆಯಾದರೆ, "ಡಾಕ್ಟ್ರೇ, ಇದರ ಹೆಸರು ಒಂದು ಕಾಗದದಲ್ಲಿ ಬರೆದು ಕೊಡ್ತೀರಾ? ಮಗಳು ಕೇಳ್ತಾಳೆ" ಅಂತ ನಯವಾಗಿ ಹೇಳಿ. ಹೆಸರಿಲ್ಲದ ಮಾತ್ರೆಯ ಲೆಕ್ಕ ಇಡಲು ಯಾರಿಂದಲೂ ಆಗದು.

ಮೂರು, ಮೂರು ಪ್ರಶ್ನೆ ಕೇಳುವ ಅಭ್ಯಾಸ ಮಾಡಿ. ಇದು ಯಾವುದಕ್ಕೆ? ಎಷ್ಟು ದಿನ? ತಿನ್ನದಿದ್ದರೆ ಏನಾಗುತ್ತದೆ? ಆಪರೇಷನ್ ಎಂದರೆ, ತುರ್ತು ಇಲ್ಲದಿದ್ದಲ್ಲಿ, ಇನ್ನೊಬ್ಬ ಡಾಕ್ಟರರ ಅಭಿಪ್ರಾಯ ಕೇಳಿಯೇ ಮುಂದುವರಿಯಿರಿ. ಮಂಗಳೂರಿನ ವೆನ್ಲಾಕ್, ಲೇಡಿಗೋಷನ್ ಸರಕಾರಿ ಆಸ್ಪತ್ರೆಗಳು ನಮಗೆ ದೂರವೇನಲ್ಲ.

ನಾಲ್ಕು, ಆರು ತಿಂಗಳಿಗೊಮ್ಮೆ ಇಷ್ಟವಿದ್ದವರು ಮಾತ್ರ ಚೀಟಿ ತನ್ನಿ. ಹೆಸರು ಮುಚ್ಚಿ ನಂಬರು ಹಾಕುವ. ವಯಸ್ಸು, ತೊಂದರೆ, ಮದ್ದು, ದಿನ ಇಷ್ಟನ್ನೇ ಬರೆದುಕೊಳ್ಳುವ. ಮನಸ್ಸಿನ ಕಾಯಿಲೆ, ಎಚ್‌ಐವಿ ಇಂಥವುಗಳ ಚೀಟಿಯನ್ನು ಯಾರೂ ತರಬೇಕಾಗಿಲ್ಲ, ಯಾರೂ ಕೇಳಲೂಬಾರದು. ಲೆಕ್ಕವನ್ನು ನಿಮ್ಮ ಆಶಾ ಅಕ್ಕ ಮತ್ತು ನಂಬಿಕೆಯ ಒಬ್ಬ ಡಾಕ್ಟರ್ ಅಥವಾ ಫಾರ್ಮಸಿಸ್ಟ್ ಜೊತೆ ಕೂತು ನೋಡುವ.

ಐದು, ಸಂಶಯ ಬಂದರೆ ಮೊದಲು ಆ ಡಾಕ್ಟರರನ್ನೇ ಗೌರವದಿಂದ ಕೇಳುವ. ಸಮಾಧಾನ ಆಗದಿದ್ದರೆ ತಾಲೂಕು ಆರೋಗ್ಯಾಧಿಕಾರಿಗೆ ಬರಹದಲ್ಲಿ ಕೊಡುವ. ಖಾಸಗಿ ಆಸ್ಪತ್ರೆಗಳ ನೋಂದಣಿ ನೋಡುವ ಜಿಲ್ಲಾ ಪ್ರಾಧಿಕಾರ ಉಂಟು, ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಡಾಕ್ಟರರ ನಡತೆಯ ದೂರಿಗೆ ಬೆಂಗಳೂರಿನಲ್ಲಿ ಕರ್ನಾಟಕ ವೈದ್ಯಕೀಯ ಪರಿಷತ್ತು ಉಂಟು. ಸರಕಾರಿ ಆಸ್ಪತ್ರೆಯ ಅಂಕಿ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯಿದೆ ಉಂಟು.

ಆರು, ವಾಟ್ಸಾಪಿನಲ್ಲಿ ಯಾರ ಚೀಟಿಯನ್ನೂ, ಯಾವ ಡಾಕ್ಟರರ ಹೆಸರನ್ನೂ ಹಾಕಬೇಡಿ. ಒಬ್ಬರ ಮಾನ ಕಳೆಯಲು ಒಂದು ನಿಮಿಷ ಸಾಕು, ಮರಳಿ ಕೊಡಲು ನಮ್ಮಿಂದ ಆಗದು.

ಕೊನೆಯ ಮಾತು

ಡಾಕ್ಟರರನ್ನು ನಂಬಬೇಡಿ ಎಂದು ನಾನು ಹೇಳಲು ಬಂದದ್ದಲ್ಲ. ನಂಬದೆ ಮದ್ದು ನಾಟುವುದಿಲ್ಲ. ನಡುರಾತ್ರಿ ಎದ್ದು ಬರುವ, ದುಡ್ಡಿಲ್ಲದವರ ಹತ್ತಿರ ಫೀಸು ಕೇಳದ ಡಾಕ್ಟರುಗಳು ನಮ್ಮ ಈ ಸುತ್ತಿನಲ್ಲಿ ಎಷ್ಟೋ ಮಂದಿ ಇದ್ದಾರೆ. ಅಂಥವರಿಗೆ ಲೆಕ್ಕದ ಭಯ ಇಲ್ಲ. ಆದರೆ ಸಂಘದಲ್ಲಿ ನಾವು ಒಬ್ಬರನ್ನೊಬ್ಬರು ನಂಬುತ್ತೇವೆ, ಆದರೂ ಪ್ರತಿ ವಾರ ಪುಸ್ತಕ ತೆರೆದು ಲೆಕ್ಕ ನೋಡುತ್ತೇವೆ ಅಲ್ವಾ? ಲೆಕ್ಕ ನೋಡುವುದರಿಂದ ನಮ್ಮ ನಂಬಿಕೆ ಉಳಿದಿದೆ.

ಆ ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಾನು ನೋಡಲು ಹೋಗಿದ್ದೆ. ಕ್ಷಮೆ ಕೇಳಿದೆ. ಅವರಿಗೆ ಯಾಕೆ ಅಂತ ಅರ್ಥವಾಗಲಿಲ್ಲ. "ನೀವೇನು ಮಾಡಿದಿರಿ ಸಿಸ್ಟರ್, ನೀವು ದುಡ್ಡು ಕೊಟ್ಟಿರಿ" ಅಂದರು. ಹೌದು, ದುಡ್ಡು ಕೊಟ್ಟಿದ್ದೆ. ಆ ಮದ್ದಿಗೆ ದುಡ್ಡು ಕೊಟ್ಟವಳು ನಾನೇ.

ಅದಕ್ಕೇ ಇವತ್ತು ನಿಮ್ಮ ಎದುರು ನಿಂತು ಹೇಳುತ್ತಿದ್ದೇನೆ. ತಂದ ಚೀಟಿಗಳನ್ನು ಈಗ ತೆಗೆಯಿರಿ. ಹೆಸರಿನ ಮೇಲೆ ಒಂದು ತುಂಡು ಕಾಗದ ಅಂಟಿಸಿ. ಚಾಪೆಯ ಮೇಲೆ ಸಾಲಾಗಿ ಇಟ್ಟು ನೋಡುವ. ಚಹಾ ಆಮೇಲೆ ಕುಡಿಯುವ.